ಮೂರನೆಯ ಜೋಡಿ ದೀಪ

ಅರವತ್ತರ ದಶಕದ ನಡುವೆ ನನ್ನ ಗಂಡ ಸಾಗರದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಯಾರದೋ ಕೈಯಿಂದ ಯಾರದೋ ಕೈಗೆ ದಾಟಿ ಬಂದ ಹಳೆಯ ವಿಲಾಯಿತಿ ಕಾರು. ಮದುವೆಯ ದಿಬ್ಬಣ, ಹೆರಿಗೆ, ಹೊಳೆ ದಾಟಲು ಹೊಳೆಬಾಗಿಲಿಗೆ ಹೋಗುವ ನೆಂಟರು, ಯಾರು ಬಂದು ಕರೆದರೂ ಹೊತ್ತು ಗೊತ್ತು ನೋಡದೆ ಹೊರಡುತ್ತಿದ್ದರು. ನಮ್ಮ ಸಂಸಾರ ನಿಂತದ್ದು ಆ ಒಳ್ಳೆಯ ಹೆಸರಿನ ಮೇಲೆ.

ಒಂದು ಮಳೆಗಾಲ ಕಳೆದ ಮೇಲೆ ಹೆಡ್‌ಲೈಟು ಮಂಕಾಗಿದೆ ಎನ್ನತೊಡಗಿದರು. ನಮ್ಮ ಕಡೆಯ ಥಂಡಿಗೆ ದೀಪದೊಳಗಿನ ಹೊಳೆಯುವ ಬಟ್ಟಲು ಕಪ್ಪಾಗುವುದು ಇದ್ದದ್ದೇ. ಅದನ್ನು ಬಿಚ್ಚಿಸಿ ಹೊಳಪು ಹಾಕಿಸಿದರು. ಕೆಲವು ದಿನ ಸುಮ್ಮನಿದ್ದು ಮತ್ತೆ ಅದೇ ಮಾತು. ಬ್ಯಾಟರಿ ಬದಲಾಯಿಸಿದರು, ಗಾಜನ್ನು ಬೂದಿ ಹಾಕಿ ತಿಕ್ಕಿದರು. ಸಂಜೆಯ ಬಾಡಿಗೆ ಬಂತೆಂದರೆ ಅವರ ಮುಖ ಇಳಿದುಹೋಗುತ್ತಿತ್ತು. ರಸ್ತೆಯಲ್ಲಿ ಏನೋ ಆಗಿರಬೇಕು, ನನ್ನ ಹತ್ತಿರ ಹೇಳುತ್ತಿಲ್ಲ ಎಂದು ನಾನು ಒಳಗೊಳಗೇ ಹೆದರಿದ್ದೆ.

ಕೊನೆಗೆ ಬೇರೆ ದೀಪವನ್ನೇ ಹಾಕಿಸುವುದೆಂದಾಯಿತು. ಪೇಟೆಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವರು ಹಿಂದಿನ ಕತ್ತಲೆ ಕೋಣೆಯಲ್ಲಿ ಎರಡು ಬಗೆಯ ದೀಪಗಳನ್ನು ಬ್ಯಾಟರಿಗೆ ಸಿಕ್ಕಿಸಿ ಗೋಡೆಗೆ ಬೆಳಕು ಬಿಟ್ಟರು.

"ಹಳದಿ ಗಾಜಿಂದು ಮಂಜಿಗೆ ಒಳ್ಳೇದು. ಬಿಳೀದು ದೂರಕ್ಕೆ ಹೊಡೀತದೆ. ಯಾವ್ದು ಬೇಕು ನೋಡಿ."

ನನ್ನ ಗಂಡ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ಯಾವುದು ಜಾಸ್ತಿ ಕಾಣ್ತದೆ?" ಎಂದರು.

ಕಾರಿನ ವಿಷಯದಲ್ಲಿ ಅವರು ನನ್ನನ್ನು ಯಾವತ್ತೂ ಏನೂ ಕೇಳಿದವರಲ್ಲ. "ಬಿಳೀದು" ಎಂದೆ. ಅದನ್ನೇ ಕೊಂಡರು. ಹೊರಗೆ ಬರುವಾಗ ದಾರಿಯಲ್ಲಿದ್ದ ಟೈರಿಗೆ ಎಡವಿ ಮುಗ್ಗರಿಸಿದರು. ಅಂಥ ದೊಡ್ಡ ಟೈರು ಹೇಗೆ ಕಾಣಲಿಲ್ಲ ಎಂದು ಮನಸ್ಸಿಗೆ ಬಂತು, ಅಲ್ಲೇ ಬಿಟ್ಟೆ.

ಸ್ವಲ್ಪ ದಿನಕ್ಕೆ ಹೊಸನಗರದ ನನ್ನ ತವರಿಗೆ ಹೋಗಿದ್ದೆವು. ಹೊರಡುವಾಗ ನಮ್ಮ ಪುಟ್ಟ ಮಗಳು ಅಜ್ಜಿಯ ಸೆರಗು ಬಿಡದೆ ಅತ್ತಳು. ಅವಳನ್ನು ಸಮಾಧಾನ ಮಾಡಿ ಮಡಿಲಲ್ಲಿ ಕೂರಿಸಿಕೊಂಡು ಹೊರಡುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೊಸ ದೀಪದ ಬೆಳಕು ರಸ್ತೆಯ ಮೇಲೆ ಹಾಲು ಚೆಲ್ಲಿದ ಹಾಗಿತ್ತು. ಮುಂದೆ ಒಂದು ಎತ್ತಿನ ಗಾಡಿ ಹೋಗುತ್ತಿತ್ತು. ಅದರ ಹಿಂದೆ ಹೇರಿದ ಹುಲ್ಲು ಎಳೆಎಳೆಯಾಗಿ ನನಗೆ ಕಾಣುತ್ತಿತ್ತು. ಕಾರು ನಿಧಾನವಾಗಲಿಲ್ಲ.

"ಗಾಡಿ" ಎಂದೆ. ಆಮೇಲೆ ಅವರ ತೋಳು ಹಿಡಿದು, "ಗಾಡಿ ಅಲ್ವಾ ಮುಂದೆ? ನಿಲ್ಸಿ" ಎಂದೆ.

ಬ್ರೇಕು ಒತ್ತಿದರು. ಹುಲ್ಲು ಬಾನೆಟ್ಟಿಗೆ ತಾಗಿತು. ಮಡಿಲಲ್ಲಿ ನಿದ್ದೆ ಹೋಗಿದ್ದ ಮಗಳು ಎದ್ದು ಅಳತೊಡಗಿದಳು.

"ಎಲ್ಲಿತ್ತು?" ಎಂದು ಕೇಳಿದರು.

ದೀಪದ ತಪ್ಪಲ್ಲ ಎಂದು ನನಗೆ ಅಲ್ಲಿ ತಿಳಿಯಿತು. ಅವರಿಗೂ ತಿಳಿದಿತ್ತೋ ಏನೋ, ನಾವಿಬ್ಬರೂ ದಾರಿಯಲ್ಲಿ ಆ ಮಾತು ಎತ್ತಲಿಲ್ಲ. ಸಾಗರ ತಲುಪುವವರೆಗೂ ನಾನು ಹೇಳುತ್ತಾ ಬಂದೆ: ಎಡಕ್ಕೆ ತಿರುವು, ಮುಂದೆ ಸೇತುವೆ, ಯಾರೋ ನಡ್ಕೊಂಡು ಬರ್ತಿದ್ದಾರೆ. ಅವರು ನಾನು ಹೇಳಿದ ಹಾಗೆ ಓಡಿಸಿದರು.

ತೀರ್ಥಹಳ್ಳಿಯಲ್ಲಿ ಒಬ್ಬರು ಕಣ್ಣಿನ ಡಾಕ್ಟರು ಇದ್ದರು. ಮಗಳನ್ನು ತವರಿನಲ್ಲಿ ಬಿಟ್ಟು ಹಗಲಿನಲ್ಲೇ ಕಾರಿನಲ್ಲಿ ಹೋದೆವು. ಡಾಕ್ಟರು ಸಣ್ಣ ದೀಪ ಹಿಡಿದು ಎರಡೂ ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು.

"ನಿಮ್ಮ ಕಡೆ ಯಾರಿಗಾದ್ರೂ ಇರುಳುಗುರುಡು ಇತ್ತಾ?"

"ನನ್ನ ಸೋದರಮಾವ ಕತ್ತಲೆಗೆ ಹೆದರ್ತಿದ್ರು. ಆಮೇಲೆ ಪೂರ್ತಿ ಕಣ್ಣು ಹೋಯ್ತು. ಮರದಿಂದ ಬಿದ್ದಿದ್ದಕ್ಕೆ ಅಂತಿದ್ರು ಮನೇಲಿ" ಎಂದರು ನನ್ನ ಗಂಡ.

"ಬಿದ್ದಿದ್ದಕ್ಕಲ್ಲ. ಊಟದ ಕೊರತೆಯಿಂದ ಬಂದಿದ್ರೆ ಔಷಧ ಕೊಡ್ತಿದ್ದೆ. ಇದು ವಂಶದಿಂದ ಬಂದಿದ್ದು. ಈಗ ರಾತ್ರಿ ಕಾಣೋದು ಹೋಗಿದೆ. ನಿಧಾನಕ್ಕೆ ಹಗಲೂ ಕಡಿಮೆ ಆಗ್ತದೆ. ಡ್ರೈವಿಂಗ್ ಬಿಡಿ."

ನಾನು ಮಗಳ ಬಗ್ಗೆ ಕೇಳಿದೆ. ಬರಬಹುದು, ಬರದೆಯೂ ಇರಬಹುದು ಎಂದರು.

ಹೊರಗೆ ಬಂದವರೇ ನನ್ನ ಗಂಡ ನೇರ ಒಂದು ಗ್ಯಾರೇಜಿಗೆ ನಡೆದರು. ಕೆಟ್ಟು ನಿಂತ ಲಾರಿಯೊಂದರ ದೀಪಗಳನ್ನು ತೋರಿಸಿ, ಇವನ್ನೇ ನನ್ನ ಕಾರಿಗೆ ಕೂರಿಸಿಕೊಡಿ ಎಂದರು. ನಿಮ್ಮ ಕಾರಿಗೆ ಇದು ಹೊಂದುವುದಿಲ್ಲ ಎಂದು ಗ್ಯಾರೇಜಿನವರು ಹೇಳಿ ನೋಡಿದರು. "ಹ್ಯಾಂಗಾದ್ರೂ ಮಾಡಿ. ತಂತಿ ಕಟ್ಟಿಯಾದ್ರೂ ಕೂರಿಸಿ" ಎಂದು ಗೋಗರೆದರು. ನನ್ನ ಗಂಡ ಇನ್ನೊಬ್ಬರ ಮುಂದೆ ಹಾಗೆ ಬೇಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೆಲಸ ಮುಗಿಯುವಾಗ ದನ ಮನೆಗೆ ಬರುವ ಹೊತ್ತಾಗಿತ್ತು.

"ಇವತ್ತು ಇಲ್ಲೇ ಎಲ್ಲಾದ್ರೂ ಉಳಿಯುವ" ಎಂದೆ.

"ಮೇಳಿಗೆಗೆ ಹೋಗುವ. ನೆಂಟರ ಮನೆ ಇದ್ಯಲ್ಲ. ದೀಪ ನೋಡಿದ ಹಾಗೂ ಆಯ್ತು."

ನನ್ನ ಮಾತು ನಡೆಯಲಿಲ್ಲ. ಕಾರು ಆಮೆಯ ಹಾಗೆ ಹೋಯಿತು. ಆ ದೀಪಗಳ ಬೆಳಕಿಗೆ ಅಕ್ಕಪಕ್ಕದ ಕಾಡೆಲ್ಲ ಎದ್ದು ಬರುತ್ತಿತ್ತು. ಕತ್ತಲು ಪೂರ್ತಿ ಕವಿದ ಮೇಲೆ, ಮೇಳಿಗೆ ಇನ್ನೇನು ಬಂತು ಎನ್ನುವಾಗ, ಅವರೇ ಕಾರನ್ನು ಬದಿಗೆ ನಿಲ್ಲಿಸಿದರು. ದೀಪ ಆರಿಸಲಿಲ್ಲ.

"ನಿಂಗೆ ಎಲ್ಲಿವರೆಗೆ ಕಾಣ್ತದೆ?"

ಸುಳ್ಳು ಹೇಳೋಣ ಎನಿಸಿತು. ಆಗಲಿಲ್ಲ. "ಆ ತಿರುವಿನ ಹತ್ರ ಮೋರಿ ಇದೆ. ಅದರ ಮೇಲೆ ಯಾರೋ ಕಂಬಳಿ ಒಣಗ್ಸಿದ್ದಾರೆ. ಅಲ್ಲಿವರೆಗೂ ಕಾಣ್ತದೆ."

ಸ್ಟೇರಿಂಗಿನಿಂದ ಎರಡೂ ಕೈ ತೆಗೆದರು. "ನಂಗೆ ಬಾನೆಟ್ಟಿನ ಆಚೆ ಎಂತದೂ ಇಲ್ಲ ಮಾರಾಯ್ತಿ" ಎಂದು ಮುಖ ಮುಚ್ಚಿಕೊಂಡು ಅತ್ತರು. ಅವರ ಬೆನ್ನಿನ ಮೇಲೆ ಕೈಯಿಟ್ಟು ಕೂತೆ. ಆಮೇಲೆ ಕಾರನ್ನು ಅಲ್ಲೇ ಬಿಟ್ಟು ನೆಂಟರ ಮನೆಯವರೆಗೆ ಅವರ ಕೈ ಹಿಡಿದು ನಡೆಸಿಕೊಂಡು ಹೋದೆ.

ಡಾಕ್ಟರ ಮಾತು ಮೀರಿ ಕೆಲವು ಕಾಲ ಹಗಲಿನಲ್ಲಿ ಮಾತ್ರ ಓಡಿಸಿದರು. ಸಂಜೆಯ ಬಾಡಿಗೆ ಒಲ್ಲೆ ಎಂದಾಗ ಕೊಬ್ಬು ಬಂದಿದೆ ಎಂದು ಜನ ಆಡಿಕೊಂಡರು. ಕೆಳದಿಯ ರಸ್ತೆಯಲ್ಲಿ ಒಂದು ಮಧ್ಯಾಹ್ನ, ಪಕ್ಕದಿಂದ ಬಂದ ಕರು ಕಾಣದೆ ಗುದ್ದಿದರು. ಅದು ಕುಂಟುತ್ತಾ ಎದ್ದು ಹೋಯಿತು. ಮನೆಗೆ ಬಂದು, "ಮನುಷ್ಯರ ಮಗು ಆಗಿದ್ರೆ?" ಎಂದಷ್ಟೇ ಹೇಳಿದರು. ಆ ವಾರವೇ ಕಾರು ಮಾರಿಬಿಟ್ಟೆವು.

ಮಗಳನ್ನು ನಾನು ಎಷ್ಟೋ ಸಂಜೆ ಅಂಗಳದಲ್ಲಿ ನಿಲ್ಲಿಸಿ, ಕತ್ತಲಾಗುವಾಗ ಬಳೆಯೊಂದನ್ನು ನೆಲಕ್ಕೆ ಹಾಕಿ, ಹುಡುಕು ಎನ್ನುತ್ತಿದ್ದೆ. ಅವಳಿಗೆ ಅದು ಆಟ. ಪ್ರತಿ ಸಲವೂ ಓಡಿ ಹೋಗಿ ಹೆಕ್ಕಿಕೊಡುತ್ತಿದ್ದಳು. ಹಾಗಿದ್ದೂ ನನಗೆ ಧೈರ್ಯ ಬರುವುದಕ್ಕೆ ವರ್ಷಗಳೇ ಹಿಡಿದವು.

ನನ್ನ ಗಂಡ ಪೇಟೆಯ ಸೈಕಲ್ ಶಾಪಿಗೆ ಸೇರಿದರು. ಕತ್ತಲಾಗಿ ಅಂಗಡಿ ಮುಚ್ಚುವ ಹೊತ್ತಿಗೆ ಅವರನ್ನು ಕರೆತರಲು ನಾನು ಹೋಗುತ್ತಿದ್ದೆ. ಪೇಟೆಯ ನಡುವೆ ಹೆಂಡತಿಯ ಕೈ ಹಿಡಿದು ನಡೆಯಲು ಅವರಿಗೆ ಮನಸ್ಸಿರಲಿಲ್ಲ. ಅದಕ್ಕೆ ಅಂಗಡಿಯ ಹಳೆಯ ಸೈಕಲ್ಲೊಂದನ್ನು ಇಸಿದುಕೊಂಡಿದ್ದರು. ನಾನು ಮುಂದೆ ಹ್ಯಾಂಡಲ್ ಹಿಡಿದು ತಳ್ಳುತ್ತಿದ್ದೆ. ಅವರು ಹಿಂದಿನ ಕ್ಯಾರಿಯರಿನ ಮೇಲೆ ಕೈಯಿಟ್ಟು, ಎದುರು ಸಿಕ್ಕವರ ದನಿ ಗುರುತಿಸಿ ಮಾತಾಡಿಸುತ್ತಾ ಬರುತ್ತಿದ್ದರು.