ಹದಿನೇಳನೇ ನಂಬರಿನ ಬೆಲ್ಟು

ಬೆಳಗಿನ ಐದೂಕಾಲು. ಎವರೆಟ್ ಬಂದರಿನ ಪಕ್ಕದ ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಮುಂದಿನ ದೀಪ ಇನ್ನೂ ಹತ್ತಿಲ್ಲ. ಹಿಂದಿನ ಕೋಣೆಯಲ್ಲಿ ಜಾನಕಿ ಒಂದು ವೇಡರನ್ನು ಒಳಹೊರಗು ಮಾಡಿ ಮೇಜಿನ ಮೇಲೆ ಹರಡಿಕೊಂಡು ಸ್ಪಿರಿಟ್ ಚಿಮುಕಿಸುತ್ತಿದ್ದಾರೆ. ನದಿಗಿಳಿದು ಗಾಳ ಹಾಕುವವರು ತೊಡುವ, ಪಾದದಿಂದ ಎದೆಮಟ್ಟ ಬರುವ, ನೀರು ಸೋರದ ಉಡುಪು ಇದು. ಸೂಜಿಮೊನೆಯಷ್ಟು ತೂತಿದ್ದರೂ ಸ್ಪಿರಿಟ್ ಬಿದ್ದಲ್ಲಿ ಕಪ್ಪು ಚುಕ್ಕೆ ಏಳುತ್ತದೆ. ಚುಕ್ಕೆ ಕಂಡಲ್ಲೆಲ್ಲ ಒಂದೊಂದು ತೊಟ್ಟು ಅಂಟು.

ಐವತ್ತಾರು ವರ್ಷದ ಜಾನಕಿ ಮೈಸೂರಿನಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದವರು. ಪತಿ ಚಕ್ರಪಾಣಿಯವರಿಗೆ ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಜೊತೆಗೆ ಈ ಪರದೇಶಕ್ಕೆ ಬಂದರು. ಮೀನು ತಿನ್ನುವುದಿರಲಿ, ಮುಟ್ಟಿದವರೂ ಅಲ್ಲ. ಆದರೂ ಹನ್ನೊಂದು ವರ್ಷದಿಂದ ಅಂಗಡಿಯ ಮೂವತ್ತು ಬಾಡಿಗೆ ವೇಡರ್‌ಗಳು ಇವರ ಸುಪರ್ದಿಯಲ್ಲಿವೆ. ಸಾಲ್ಮನ್ ಮೀನು ಬರುವ ತಿಂಗಳುಗಳಲ್ಲಿ ದಿನಕ್ಕೆ ಹದಿನೈದು ಹೊರಗೆ ಹೋಗುತ್ತವೆ. ಟ್ರೌಟ್ ಮೀನಿಗೆ ತೆಳು ಗಾಳದ ರಾಡ್, ಸಾಲ್ಮನ್‌ಗೆ ಗಟ್ಟಿ ರಾಡ್ ಎಂದು ಗಿರಾಕಿಗಳು ಕೌಂಟರಿನಲ್ಲಿ ಅರ್ಧ ಗಂಟೆ ಚರ್ಚೆ ಮಾಡುತ್ತಾರೆ. ಮೈಮೇಲೆ ಏನು ಹಾಕಿಕೊಳ್ಳಬೇಕು ಎಂದು ಕೇಳಲು ಎರಡು ನಿಮಿಷ ಪುರುಸೊತ್ತಿಲ್ಲ.

“ಕಾಟನ್ ಒದ್ದೆಯಾದ್ರೆ ಮೈ ಮರಗಟ್ಟುತ್ತೆ, ಉಲ್ಲನ್ ಹಾಕ್ಕೊಳಿ ಅಂತೀನಿ. ನಮ್ಮ ಕಡೆ ಹುಡುಗರು ಕೇಳಲ್ಲ. ಜೀನ್ಸ್ ಮೇಲೇ ಏರಿಸ್ತಾರೆ. ಒಂದ್ ಸೈಜ್ ದೊಡ್ಡದೇ ಕೊಡಿ ಆಂಟಿ, ತಮ್ಮನಿಗೂ ಆಗುತ್ತೆ ಅಂತಾರೆ. ಬಾಡಿಗೇದು ಕಣಪ್ಪ, ತಮ್ಮನಿಗೆ ಹೇಗೆ ಕೊಡ್ತೀಯ?”

ಜಾನಕಿ ನಗುತ್ತಲೇ ಹೇಳುತ್ತಾರೆ, ಆದರೆ ಬೆಲ್ಟಿನ ಮಾತು ಬಂದರೆ ನಗು ನಿಲ್ಲುತ್ತದೆ. ಕಾಲು ಜಾರಿ ಬಿದ್ದಾಗ ಎದೆಯ ಕಡೆಯಿಂದ ನುಗ್ಗುವ ನೀರನ್ನು ಸೊಂಟದ ಬೆಲ್ಟು ತಡೆಯಬೇಕು. ಅದಿಲ್ಲದಿದ್ದರೆ ನೀರು ಪಾದದವರೆಗೆ ತುಂಬಿಕೊಳ್ಳುತ್ತದೆ, ಹರಿವ ನೀರಿನಲ್ಲಿ ಆ ಭಾರ ಹೊತ್ತು ಏಳಲಾಗದು. ಕೆಲಸಕ್ಕೆ ಸೇರಿದ ವರ್ಷ ವಯಸ್ಸಾದ ಗಿರಾಕಿಯೊಬ್ಬರು ಹಾಗೆಯೇ ಮುಳುಗಿ ಹೋದರು. “ಬೆಲ್ಟು ಅವರ ಕಾರಿನ ಸೀಟಿನ ಮೇಲಿತ್ತಂತೆ, ನಾನು ಸುತ್ತಿಕೊಟ್ಟ ಹಾಗೇ.” ಅಂದಿನಿಂದ ವೇಡರಿಗೂ ಬೆಲ್ಟಿಗೂ ಒಂದೇ ನಂಬರು ಬರೆದು, ಮೊದಲೇ ಪೋಣಿಸಿಟ್ಟೇ ಕೊಡುತ್ತಾರೆ.

ಇಂದು ಆರೂಮುಕ್ಕಾಲಿಗೆ ಗಿರಾಕಿಗಳ ಗದ್ದಲ ಮುಗಿದಾಗ ಹೊಲಿಗೆ ಮಿಷನ್ನಿನ ಮೇಲೆ ಒಂದು ಬೆಲ್ಟು ಕಾಣುತ್ತದೆ. ಹದಿನೇಳು. ಬಕಲ್ ಸಡಿಲವಾಗಿದೆಯೆಂದು ನಿನ್ನೆ ಇವರೇ ಬಿಚ್ಚಿ ಹೊಲಿದು, ಮರಳಿ ಪೋಣಿಸಲು ಮರೆತದ್ದು. ವೇಡರು ಕರ್ಕ್‌ಲ್ಯಾಂಡಿನ ಸುಪ್ರೀತ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಜೊತೆ ಹೋಗಿದೆ. ಮೊದಲ ಸಲ ನದಿಗಿಳಿಯುವವರು. ಅಳತೆಯದು ಖಾಲಿಯಾಗಿತ್ತು, ದೊಡ್ಡದನ್ನೇ ಒಯ್ದಿದ್ದಾರೆ. “ಅಲ್ಲೇ ಹಾಕ್ಕೋತೀನಿ ಆಂಟಿ” ಎಂದು ಚೀಲ ಎತ್ತಿಕೊಂಡು ಹೊರಟಿದ್ದರು.

ಜಾನಕಿ ಕೂಡಲೇ ಸುಪ್ರೀತ್‌ಗೆ ಫೋನ್ ಮಾಡುತ್ತಾರೆ. ಫೋನ್ ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ನೀರಿಗಿಳಿಯುವಾಗ ಫೋನನ್ನು ಕಾರಿನಲ್ಲೇ ಬಿಡಿ ಎಂದು ಹೇಳಿಕೊಟ್ಟವರೂ ಇವರೇ. ಗೆಳೆಯರಿಬ್ಬರ ಜೊತೆ ಮನ್ರೋ ಸೇತುವೆ ಹತ್ತಿರ ಹೋಗುತ್ತೇನೆಂದು ಅವರು ಹೇಳಿದ್ದು ನೆನಪಿದೆ. ಮಾಲೀಕರಿಗೆ “ತಪ್ಪು ನನ್ನದು, ಈಗ ಬಂದೆ” ಎಂದಷ್ಟೇ ಹೇಳಿ ಕಾರು ಹತ್ತುತ್ತಾರೆ. ದಾರಿಯುದ್ದಕ್ಕೂ ಬೆಲ್ಟು ತೊಡೆಯ ಮೇಲಿದೆ. ಪಕ್ಕದ ಸೀಟಿನ ಮೇಲಿಡಲು ಧೈರ್ಯವಿಲ್ಲ.

ಸ್ಕೈಕೋಮಿಶ್ ನದಿ ಮಂಜಿನಲ್ಲಿ ಬೂದುಬಣ್ಣಕ್ಕೆ ತಿರುಗಿದೆ. ದಡದಲ್ಲಿ ಇಬ್ಬರಿದ್ದಾರೆ, ಮೂರನೆಯವರಿಲ್ಲ. ಜಾನಕಿ ನೀರಿನಂಚಿಗೆ ಓಡುತ್ತಾರೆ. ಆಮೇಲೆ ಬಂಡೆಯ ಆಚೆ, ಮೊಣಕಾಲುದ್ದ ನೀರಿನಲ್ಲಿ ಗಾಳದ ದಾರದ ಗಂಟು ಬಿಡಿಸುತ್ತ ನಿಂತ ಸುಪ್ರೀತ್ ಕಾಣುತ್ತಾರೆ.

“ಮೇಲ್ ಬಾಪ್ಪ. ಮೊದ್ಲು ಮೇಲ್ ಬಾ.”

“ಇದಕ್ಕೋಸ್ಕರ ಇಲ್ಲೀವರೆಗೂ ಡ್ರೈವ್ ಮಾಡ್ಕೊಂಡು ಬಂದ್ರಾ ಆಂಟಿ?” ಸುಪ್ರೀತ್ ನಗುತ್ತಾರೆ, ಗೆಳೆಯರೂ ನಗುತ್ತಾರೆ. ಜಾನಕಿ ತಾವೇ ಬೆಲ್ಟು ಪೋಣಿಸಿ, ಉಸಿರು ಬಿಡಿಸಿ, ಇನ್ನೊಂದು ತೂತಿಗೆ ಬಿಗಿಯುತ್ತಾರೆ.

ಹನ್ನೆರಡೂವರೆಗೆ ಸುಪ್ರೀತ್ ವಾಪಸು ಬರುತ್ತಾರೆ. ಈಗ ನಗುತ್ತಿಲ್ಲ. “ಮೀನು ಸಿಗ್ಲಿಲ್ಲ ಆಂಟಿ” ಎಂದು ಚೀಲವನ್ನು ಕೌಂಟರಿನ ಮೇಲಿಟ್ಟು ಹೋಗುತ್ತಾರೆ.

ಜಾನಕಿ ಹದಿನೇಳನ್ನು ಒಣಗಿಸಲು ಒಳಹೊರಗು ಮಾಡುತ್ತಾರೆ. ಎದೆಯಿಂದ ಸೊಂಟದವರೆಗೆ ಒಳಗೆಲ್ಲ ನೀರು ತೊಟ್ಟಿಕ್ಕುತ್ತಿದೆ. ಬೆಲ್ಟಿನ ಗುರುತಿನ ಕೆಳಗೆ ಕೈಯಾಡಿಸುತ್ತಾರೆ, ತೊಡೆ, ಮೊಣಕಾಲು, ಪಾದ. ಎಲ್ಲ ಒಣಗೇ ಇದೆ; ನುಗ್ಗಿದ ನೀರು ಬೆಲ್ಟಿನಲ್ಲೇ ನಿಂತಿದೆ. ಸ್ವಲ್ಪ ಹೊತ್ತು ಕೈ ಅಲ್ಲೇ ಇರುತ್ತದೆ.

ನಿಮ್ಮ ಆಸೆ ಏನು ಎಂದು ಕೇಳಿದರೆ, ವೇಡರನ್ನು ಕೊಕ್ಕೆಗೆ ತಲೆಕೆಳಗಾಗಿ ನೇತುಹಾಕುತ್ತ ಹೇಳುತ್ತಾರೆ: “ನನಗೇನ್ ಆಸೆ? ಬೆಳಗ್ಗೆ ಹೋದದ್ದೆಲ್ಲ ಸಂಜೆ ವಾಪಸ್ ಬರ್ಲಿ. ಹಾಕ್ಕೊಂಡು ಹೋದವರೇ ತಂದುಕೊಡ್ಲಿ.”