ಮಾಮ ತಂದ ಎರಡು ಉಲಿಯಕ್ಕಿ

ಕೊರಳಲ್ಲಿ ದುರ್ಬೀನು ತೂಗಿದರೆ ಜಂಬಕ್ಕೆ ನನ್ನ ತಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆಗ ಲಿಂಗಸುಗೂರಿನ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಹೇಳುತ್ತಿದ್ದೆ. ಚಳಿಗಾಲದ ಒಂದು ಭಾನುವಾರ ಸಹೋದ್ಯೋಗಿಗಳನ್ನು ವಳಕಮದಿನ್ನಿಗೆ, ನನ್ನ ಸೋದರಮಾವನ ಗದ್ದೆಗೆ ಕರೆದೊಯ್ದೆ. ಕಾಲುವೆ ಬದಿಯ ಜೊಂಡಿನಲ್ಲಿ ಕಂದು ಬಣ್ಣದ ಪುಟ್ಟ ಹಕ್ಕಿಯೊಂದು ಕಂಡಿತು.

“ಉಲಿಯಕ್ಕಿ. ನಮ್ಮ ಕಡೆಗೆ ಬರೋದು ಇದೊಂದೇ ಜಾತಿ,” ಎಂದೆ.

“ಒಂದಲ್ಲ ಅಳಿಯಾ, ಎರಡ ಅದಾವ,” ಎಂದರು ಮಾಮ. “ಇದರ ಹುಬ್ಬು ನೋಡು, ಬೆಳ್ಳಗ ಕಣ್ಣಿನ ಹಿಂದತನಕಾ ಹೋಗ್ಯಾದ. ಜಾಲಿಗಿಡದಾಗ ಕುಂದ್ರತಾವಲ್ಲ, ಅವುಕ್ಕ ಹುಬ್ಬು ಗಿಡ್ಡ, ಕೊಕ್ಕು ಉದ್ದ.”

ಮಾಮನಿಗೆ ಗೊತ್ತಿರದೆ ಏನು? ಭತ್ತದ ಸಸಿಮಡಿಗೆ ಕಟ್ಟಿದ ಬಲೆಯಲ್ಲಿ ಸಿಕ್ಕ ಹಕ್ಕಿಗಳನ್ನು ದಿನಾ ಬೆಳಿಗ್ಗೆ ಬಿಡಿಸಿ ಹಾರಿಸಿದ ಮೇಲೆಯೇ ಅವರು ಚಹಾ ಕುಡಿಯುತ್ತಿದ್ದುದು. ನಾನು ಪುಸ್ತಕದಲ್ಲಿ ನೋಡಿದ್ದನ್ನು ಅವರು ಅಂಗೈಯಲ್ಲಿ ನೋಡಿದ್ದರು. ಆದರೆ ನಾಲ್ಕು ಜನರೆದುರು ನನ್ನ ಮಾತು ಬಿತ್ತಲ್ಲ, ಮೈಯೆಲ್ಲ ಉರಿಯಿತು.

“ಕೈಯಾಗ ಹಿಡಕೊಂಡು ಬಂದು ತೋರ್ಸು ಮಾಮಾ. ಇಲ್ಲಂದ್ರ ಬಾಯಿ ಮುಚ್ಚಿಕೊಂಡಿರು.”

ಎಲ್ಲರೂ ನಕ್ಕರು. ಮಾಮ ನಗಲಿಲ್ಲ.

ಮೂರನೆಯ ದಿನ ಸಿಂಧನೂರಿನಲ್ಲಿ ಬಸ್ ಹತ್ತಿ, ಮಸ್ಕಿ ದಾಟಿ, ನೇರ ನಮ್ಮ ಕಾಲೇಜಿಗೇ ಬಂದರು. ಅದೇ ಸಹೋದ್ಯೋಗಿಗಳ ನಡುವೆ, ನನ್ನ ಮೇಜಿನ ಮೇಲೆ ಟವೆಲ್ಲಿನ ಗಂಟು ಬಿಚ್ಚಿದರು. ಎರಡು ಹಕ್ಕಿ. ಎರಡೂ ಸತ್ತಿದ್ದವು. ಹಕ್ಕಿಯನ್ನು ಬಿಡಿಸುವುದು ಅವರಿಗೆ ಗೊತ್ತಿತ್ತು, ಹೊತ್ತು ತರುವುದು ಗೊತ್ತಿರಲಿಲ್ಲ. ಒಂದರ ಎದೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

“ಬರೋವಾಗ ಜೀವ ಇತ್ತು... ಇರಲಿ, ಹುಬ್ಬು ನೋಡು ಅಳಿಯಾ.”

ನೋಡಿದೆ. ಒಂದರ ಹುಬ್ಬು ಉದ್ದ, ಇನ್ನೊಂದರದು ಗಿಡ್ಡ. ಸ್ಕೇಲ್ ಇಟ್ಟು ಕೊಕ್ಕನ್ನೂ ಅಳೆದೆ. ಜಾತಿ ಎರಡೇ, ಅನುಮಾನವೇ ಇರಲಿಲ್ಲ. ಮಾಮನಿಗೆ ಬೇಕಿದ್ದದ್ದು ನನ್ನ ಬಾಯಿಂದ ‘ಹೌದು’ ಅನ್ನುವ ಒಂದು ಮಾತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

“ಎರಡೂ ಒಂದ ಅದಾವ. ಸುಮ್ಮನ ಕೊಂದಿ ಮಾಮಾ,” ಎಂದೆ.

ಅವರು ಹಕ್ಕಿಗಳನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು. ನಾನು ಎಂಥ ನೀಚ ಅಂತ ನನಗೆ ಆಗಲೇ ಗೊತ್ತಿತ್ತು. ಹಿಂದೆ ಓಡಿಹೋಗಿ ಹೇಳಬಹುದಿತ್ತು. ತರಗತಿಗೆ ಹೋದೆ.

ಮುಂದಿನ ಚಳಿಗಾಲ ಒಬ್ಬನೇ ಗದ್ದೆಗೆ ಹೋದೆ, ಹೇಗಾದರೂ ‘ಹೌದು’ ಅನ್ನೋಣವೆಂದು. ಬಿಸಿಲೇರಿತ್ತು. ಮಾಮ ಬದುವಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಸಸಿಮಡಿಯ ಬಲೆಯಲ್ಲಿ ನಾಲ್ಕೈದು ಹಕ್ಕಿ ಒಣಗಿ ನೇತಾಡುತ್ತಿದ್ದವು, ಒಂದು ಇನ್ನೂ ಒದ್ದಾಡುತ್ತಿತ್ತು.

“ಮಾಮಾ, ಅದು ಯಾವುದು, ಉದ್ದ ಹುಬ್ಬಿಂದೇನು?”

ಅವರು ತಿರುಗಿಯೂ ನೋಡಲಿಲ್ಲ.

“ಯಾವುದಾದ್ರೇನು? ನೀ ಹೇಳಿಯಲ್ಲ, ಎಲ್ಲಾ ಒಂದ ಅಂತ.”