ತಣ್ಣನೆಯ ಒಲೆ, ತಣ್ಣನೆಯ ಶ್ಯಾವಿಗೆ

ಮನುಷ್ಯ ಬೆಂಕಿಯನ್ನು ಪಳಗಿಸಿದ ದಿನವೇ ನಾಗರಿಕತೆ ಹುಟ್ಟಿತು ಎಂದು ತಿಳಿದವರು ಬರೆಯುತ್ತಾರೆ. ಬರೆದವರಲ್ಲಿ ಒಬ್ಬರಾದರೂ ಏಪ್ರಿಲ್ ತಿಂಗಳ ಮಧ್ಯಾಹ್ನ ಚಂದ್ರಾ ಲೇಔಟಿನ ನಮ್ಮ ಅಡುಗೆಮನೆಯಲ್ಲಿ ನಿಂತು ಸಾರಿಗೆ ಒಗ್ಗರಣೆ ಹಾಕಿದ್ದರೆ, ಆ ವಾಕ್ಯವನ್ನು ತಾವೇ ಹೊಡೆದುಹಾಕುತ್ತಿದ್ದರು.

ನಮ್ಮ ಅಡುಗೆಮನೆ ಪಶ್ಚಿಮದ ಮೂಲೆಗಿದೆ. ಮೇಲೆ ತಾರಸಿ, ತಾರಸಿಯ ಮೇಲೆ ಸೂರ್ಯ, ನಡುವೆ ಬೇರೇನೂ ಇಲ್ಲ. ಇದ್ದೊಂದು ಕಿಟಕಿಗೆ ಅಡ್ಡವಾಗಿ ಪಕ್ಕದವರು ಗೋಡೆ ಎಬ್ಬಿಸಿದ ಮೇಲೆ ಗಾಳಿ ಈ ಕಡೆ ತಲೆ ಹಾಕುವುದನ್ನೇ ಬಿಟ್ಟಿದೆ. ಊಟದ ಮೇಜೂ ಅಲ್ಲೇ, ಒಲೆಯ ಮಗ್ಗುಲಿಗೆ. ಹೊಸ ಕಾಲದ ಮನೆಗಳೆಲ್ಲ ಹೀಗೇ ಎಂದು ಮೇಸ್ತ್ರಿ ಹೇಳಿದ್ದ, ನಾವು ನಂಬಿದ್ದೆವು.

ಈ ಬೇಸಿಗೆಯಲ್ಲಿ ನನ್ನಾಕೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಒಲೆಯ ಝಳ ಬಡಿಯಬಾರದು, ಒಗ್ಗರಣೆಯ ಹೊಗೆ ತಾಗಬಾರದು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯಿಂದ ಬಂದವಳೇ ಕಪ್ಪು ಕನ್ನಡಕ ಹಾಕಿಕೊಂಡು ಊಟದ ಮೇಜಿನ ಮುಂದೆ ಕೂತು, ರಜೆಯ ಮೇಲಿರುವ ಪೊಲೀಸ್ ಅಧಿಕಾರಿಯ ಹಾಗೆ ಅಡುಗೆಮನೆಯ ಮೇಲೆ ಕಣ್ಣಿಟ್ಟಳು. ಅಧಿಕಾರ ನನ್ನ ಕೈಗೆ ಬಂತು. ನಾನು ಹೊರಡಿಸಿದ ಮೊದಲ ಆಜ್ಞೆ ಇದು: ಬೆಳಗಿನ ತಂಪಿನಲ್ಲಿ ಆಕೆ ಜಗಲಿಯಲ್ಲಿ ಕೂತಿರುವಾಗಲೇ ಆ ದಿನದ ಬೇಯಿಸುವ ಕೆಲಸವೆಲ್ಲ ಮುಗಿಯಬೇಕು, ಆಮೇಲೆ ಸೂರ್ಯ ಮುಳುಗುವ ತನಕ ಈ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಆಜ್ಞೆಗೆ ವಿರೋಧ ಬರಲಿಲ್ಲ. ದಾವಣಗೆರೆಯಿಂದ ಫೋನ್ ಬರುವ ತನಕ.

ಫೋನ್ ಮಾಡಿದವರು ನನ್ನಾಕೆಯ ಅಕ್ಕ. ಅವರ ದನಿ ಕೇಳಲು ಫೋನಿನ ಅಗತ್ಯವಿಲ್ಲವಾದರೂ ಪದ್ಧತಿಯೆಂದು ಅದನ್ನು ಬಳಸುತ್ತಾರೆ.

"ಗಂಡಸರ ಕೈಯಾಗ ಅಡಿಗಿ ಕೊಟ್ಟು ಹೆಂಗವ್ವ ಬದುಕ್ತೀ? ಭಾನುವಾರ ಬರ್ತೀನಿ. ಊಟ ಮಾಡಿ, ನಿನ್ನ ಕರ್ಕೊಂಡೇ ಹೋಗೂದು. ಒಂದು ತಿಂಗ್ಳು ನಮ್ಮನ್ಯಾಗಿರು. ನಮ್ಮನ್ಯಾಗ ಒಲಿ ಆರೂದೇ ಇಲ್ಲ, ಯಾವಾಗ ಕೇಳಿದ್ರೂ ಬಿಸಿ ರೊಟ್ಟಿ."

ನನ್ನಾಕೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ನಾನು ಹೋಗಲ್ಲ ರೀ," ಎಂದಳು. "ಎಷ್ಟು ವರ್ಷ ಆಯ್ತು ಎಲ್ಲಾ ಮಬ್ಬು ಮಬ್ಬು. ಕಣ್ಣು ತಿಳಿಯಾದಾಗ ನನ್ನ ಮನೇನೇ ಕಾಣಿಸ್ಬೇಕು. ಅವಳ ಮನೆ ಗೋಡೆ ಮೇಲಿನ ಕ್ಯಾಲೆಂಡರ್ ಅಲ್ಲ."

"ಹಾಗಂತ ಅವರಿಗೇ ಹೇಳಬಹುದಿತ್ತಲ್ಲ?"

"ನೀವು ಹೇಳಿ ನೋಡೋಣ."

ಅಕ್ಕನಿಗೆ ಬಾಯಿಮಾತಿನಲ್ಲಿ ಇಲ್ಲವೆಂದು ಗೆದ್ದವರು ಆ ವಂಶದಲ್ಲಿ ಯಾರೂ ಇಲ್ಲ. ಆದ್ದರಿಂದ ಉತ್ತರವನ್ನು ತಟ್ಟೆಯಲ್ಲೇ ಇಡುವುದೆಂದು ತೀರ್ಮಾನಿಸಿದೆ. ಮೊಸರು ಶ್ಯಾವಿಗೆ. ಬೆಳಿಗ್ಗೆ ಬೇಯಿಸಿ, ಫ್ರಿಜ್ಜಿನಲ್ಲಿಟ್ಟು, ಮಧ್ಯಾಹ್ನ ತಣ್ಣಗೆ ಬಡಿಸುವಂಥದ್ದು.

ಶುಕ್ರವಾರ ಅಂಗಡಿಯ ಪ್ಯಾಕೆಟ್ ತಂದು ಒಂದು ಪ್ರಯೋಗ ಮಾಡಿದೆ. ಅದು ನೀರಿಗೆ ಬಿದ್ದ ಕ್ಷಣವೇ ತನ್ನ ವ್ಯಕ್ತಿತ್ವವನ್ನು ತ್ಯಜಿಸಿತು. ಆದದ್ದನ್ನು ಶ್ಯಾವಿಗೆ ಎನ್ನಲಾಗದು. ಮಾಗಡಿ ರಸ್ತೆಯ ಗೋಡೆಗಳಿಗೆ ಪೋಸ್ಟರ್ ಅಂಟಿಸುವವರು ಸಂತೋಷದಿಂದ ಒಯ್ಯುತ್ತಿದ್ದರು. ನನ್ನಾಕೆ ಒಂದು ಚಮಚ ತಿಂದು, "ಪರವಾಗಿಲ್ಲ, ಹೇಗೂ ಕಣ್ಣು ಸರಿಯಾಗಿ ಕಾಣಿಸ್ತಿಲ್ಲ," ಎಂದಳು.

ಹೀಗೆ ನನ್ನ ದೃಷ್ಟಿ ಅಟ್ಟದ ಮೇಲಿನ ಸ್ಟೀಲ್ ಡಬ್ಬಿಯ ಕಡೆ ಹೋಯಿತು.

ಆ ಡಬ್ಬಿಯ ವಿಷಯ ಹೇಳಬೇಕು. ಪ್ರತಿ ಬೇಸಿಗೆಯಲ್ಲೂ ಅಕ್ಕ ಗೋಧಿ ಹಿಟ್ಟು ನಾದಿ, ಮಣೆಯ ಮುಂದೆ ಕೂತು, ಎಳೆ ಎಳೆಯಾಗಿ ಶ್ಯಾವಿಗೆ ಹೊಸೆದು, ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುತ್ತಾರೆ. ಒಂದು ಪಾಲು ನಮಗೂ ಬರುತ್ತದೆ. ಅದು ಬೀಗರು ಬಂದಾಗ ಮಾತ್ರ ಕೆಳಗಿಳಿಯುವ ಶ್ಯಾವಿಗೆ. ಕುದಿಸಿ, ಬಸಿದು, ಮೇಲೆ ಬಿಸಿ ಹಾಲು, ಬೆಲ್ಲ, ತುಪ್ಪ. ಅದಕ್ಕೆ ಇನ್ನೊಂದು ವಿಧಿಯಿದೆ ಎಂದು ಅವರ ಕಡೆ ಯಾರೂ ಕನಸಿನಲ್ಲೂ ಎಣಿಸಿಲ್ಲ. ನಮ್ಮ ಬೀಗರೋ ಸಕ್ಕರೆ ಕಾಯಿಲೆಯವರು. ಡಬ್ಬಿ ತುಂಬಿಯೇ ಇತ್ತು.

ಭಾನುವಾರ ಸೂರ್ಯನಿಗಿಂತ ಮೊದಲೇ ಎದ್ದೆ. ನೀರು ಮರಳಿದ ಮೇಲೆ ಉಪ್ಪು, ಒಂದು ಚಮಚ ಎಣ್ಣೆ, ಆಮೇಲೆ ಶ್ಯಾವಿಗೆ. ಎಳೆಯೊಂದನ್ನು ಕಚ್ಚಿದಾಗ ಹಲ್ಲಿಗೆ ಇನ್ನೂ ಸ್ವಲ್ಪ ಎದುರಾಡುವಂತಿರಬೇಕು. ಪೂರಾ ಶರಣಾದದ್ದು ಪೋಸ್ಟರಿಗೆ ಲಾಯಕ್ಕು. ತಕ್ಷಣ ತೂತಿನ ಬುಟ್ಟಿಗೆ ಸುರಿದು, ಮಡಕೆಯ ತಣ್ಣೀರನ್ನು ಅಂಟು ಬಿಡುವ ತನಕ ಹೊಯ್ದೆ. ಮೊಸರಿಗೆ ಅರ್ಧದಷ್ಟು ಹಾಲು ಬೆರೆಸಿದೆ, ಮಧ್ಯಾಹ್ನಕ್ಕೆ ಹುಳಿ ಏರಬಾರದಲ್ಲ. ತುರಿದು ಹಿಂಡಿದ ಸೌತೆಕಾಯಿ, ಸಣ್ಣಗೆ ಹೆಚ್ಚಿದ ಮಾವಿನಕಾಯಿ, ಶುಂಠಿ, ಹಸಿಮೆಣಸು, ಕೊತ್ತಂಬರಿ. ಸಾಸಿವೆ, ಕರಿಬೇವಿನ ಒಗ್ಗರಣೆಯನ್ನು ಪೂರ್ತಿ ಆರಿಸಿ ಮೇಲೆ ಹಾಕಿದೆ. ಜಗಲಿಯಲ್ಲಿ ಪೇಪರ್ ಓದುವವಳಂತೆ ನಟಿಸುತ್ತಿದ್ದ ನನ್ನಾಕೆ ಕಾಫಿ ಮುಗಿಸುವಷ್ಟರಲ್ಲಿ ಎಲ್ಲವೂ ಫ್ರಿಜ್ಜಿನೊಳಗಿತ್ತು, ಒಲೆ ಒರೆಸಿ ಆಗಿತ್ತು.

ಅಕ್ಕ ಬಂದಾಗ ನೆತ್ತಿಯ ಮೇಲೆ ಬಿಸಿಲು. ಮುಖ ಕೆಂಪಾಗಿತ್ತು, ಸೆರಗಿನಿಂದ ಒರೆಸಿಕೊಂಡಷ್ಟೂ ಬೆವರು. ತಂಗಿಯ ಗಲ್ಲ ಹಿಡಿದು ನೋಡಿ, ನೇರ ಅಡುಗೆಮನೆಗೆ ನಡೆದು, ಒಲೆಯ ಮೇಲೆ ಅಂಗೈ ಇಟ್ಟರು. ಜ್ವರ ನೋಡುವ ಹಾಗೆ.

"ಒಲಿ ತಣ್ಣಗೈತಲ್ರಿ! ಊಟದ ಹೊತ್ತಿಗೆ ಒಲಿ ತಣ್ಣಗಿರೂದು ಯಾರಾದ್ರೂ ಸತ್ತ ಮನ್ಯಾಗ. ಯಾರು ಹೋದ್ರು?"

"ಯಾರೂ ಇಲ್ಲ ಅಕ್ಕಾವ್ರೆ. ಎಲ್ಲರೂ ಇದ್ದೇವೆ. ಕೂತ್ಕೊಳ್ಳಿ."

ಅಕ್ಕತಂಗಿಯರಿಬ್ಬರಿಗೂ ತಟ್ಟೆ ಇಟ್ಟೆ. ಅಕ್ಕ ಬೆರಳ ತುದಿಯಿಂದ ಮುಟ್ಟಿ, ಕೈಯನ್ನು ಹಿಂದಕ್ಕೆಳೆದುಕೊಂಡರು.

"ತಂಗಳಾ?"

"ಬೆಳಗಿನದು. ಬೇಕೆಂದೇ ತಣ್ಣಗೆ ಮಾಡಿದ್ದು."

ಆಗ ಅವರ ಕಣ್ಣು ಎಳೆಗಳ ಮೇಲೆ ಬಿತ್ತು. ಯಂತ್ರದ ಶ್ಯಾವಿಗೆ ಒಂದೇ ಸಮ ಇರುತ್ತದೆ. ಕೈಯಲ್ಲಿ ಹೊಸೆದದ್ದು ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ. ತಮ್ಮ ಬೆರಳಿನ ಕೆಲಸ ಯಾರಿಗೆ ತಿಳಿಯದು?

"ಇದು ನನ್ನ ಶ್ಯಾವಿಗಿ! ಬೀಗರಿಗೆ ಅಂತ ಕೊಟ್ಟಿದ್ದು! ಇದನ್ನ ತಣ್ಣೀರಾಗ ತೊಳದೀರಾ?"

"ತೊಳೆದೆ. ಇನ್ನೂ ಅರ್ಧ ಡಬ್ಬಿ ಇದೆ. ಅದನ್ನೂ ತೊಳೀತೀನಿ."

"ಬಿಸಿ ಮಾಡ್ರಿ ಇದನ್ನ."

"ಮಾಡಲ್ಲ. ಮೊಸರು ಒಡೆಯುತ್ತೆ."

"ಹಂಗಾದ್ರ ಹಾಲು ಕಾಸ್ರಿ. ನಾ ಬ್ಯಾರೆ ಶ್ಯಾವಿಗಿ ಕುದಿಸಿ, ಹಾಲು ಬೆಲ್ಲ ಹಾಕ್ಕೊಂಡು ತಿಂತೀನಿ."

"ಸೂರ್ಯ ಮುಳುಗಲಿ, ಕಾಸೋಣ."

ನಾಲ್ಕು ದಶಕಗಳಲ್ಲಿ ಆ ಹೆಣ್ಣುಮಗಳಿಗೆ ನಾನು ಹೀಗೆ ಎದುರಾಡಿದ್ದು ಅದೇ ಮೊದಲು. ಅಕ್ಕ ನನ್ನನ್ನು ದಿಟ್ಟಿಸಿ ನೋಡಿದರು. ಬಿಸಿಲು ತಲೆಗೇರಿದೆಯೇ ಎಂದು ಅನುಮಾನಿಸಿರಬೇಕು. ಆಮೇಲೆ ಸೆರಗು ಸಿಕ್ಕಿಸಿ ಎದ್ದು, ತಾವೇ ಹಾಲಿನ ಪಾತ್ರೆ ಇಟ್ಟು ಒಲೆ ಹಚ್ಚಿಬಿಟ್ಟರು. ನನ್ನ ಆಜ್ಞೆ ಅಲ್ಲಿಗೆ ಬೂದಿಯಾಯಿತು.

ಝಳ ಮೇಜಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಇಷ್ಟು ಹೊತ್ತೂ ತಿನ್ನುತ್ತಿದ್ದ ನನ್ನಾಕೆ ಕಪ್ಪು ಕನ್ನಡಕ ಸರಿಮಾಡಿಕೊಂಡು, ತಟ್ಟೆ ಎತ್ತಿಕೊಂಡು, ಗೋಡೆ ಹಿಡಿದು ಹೊರಟಳು.

"ಎಲ್ಲಿಗೇ? ಉಣ್ಣೂದು ಬಿಟ್ಟು?"

"ಜಗಲಿಗೆ. ಒಲಿ ಹತ್ರ ಕೂರಬ್ಯಾಡ ಅಂದಾರ ಡಾಕ್ಟ್ರು." ಅಕ್ಕನ ಜೊತೆ ಮಾತಾಡುವಾಗ ಇವಳ ಕನ್ನಡವೂ ಊರಿಗೆ ಹೋಗಿಬಿಡುತ್ತದೆ. "ನಿಮ್ಮನ್ಯಾಗ ಒಲಿ ಆರೂದೇ ಇಲ್ಲ ಅಂದ್ಯಲ್ಲ ಅಕ್ಕ. ಅಲ್ಲಿ ತಿಂಗ್ಳಿಡೀ ನಾ ಎಲ್ಲಿ ಕೂತು ಉಣ್ಲಿ?"

ಅಕ್ಕ ತಂಗಿಯ ಕಪ್ಪು ಕನ್ನಡಕವನ್ನೊಮ್ಮೆ, ಉರಿಯುವ ಒಲೆಯನ್ನೊಮ್ಮೆ ನೋಡಿದರು. ಹಾಲು ಇನ್ನೂ ಬೆಚ್ಚಗೂ ಆಗಿರಲಿಲ್ಲ. ಕೈ ಚಾಚಿ, ತಾವೇ ಹಚ್ಚಿದ ಒಲೆಯನ್ನು ತಾವೇ ಆರಿಸಿದರು. ಇದು ನಾನು ಕಂಡ ಅಪೂರ್ವ ದೃಶ್ಯಗಳಲ್ಲಿ ಒಂದು.

"ಬಾ ಇಲ್ಲಿ. ಕೂತ್ಕ," ಎಂದರು ಮೆಲ್ಲಗೆ. ತಂಗಿಯ ಕೈ ಹಿಡಿದು ಕುರ್ಚಿಗೆ ಕರೆತಂದರು. ತಾವೂ ಕೂತು, ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ, ಒಂದು ತುತ್ತು ಬಾಯಿಗಿಟ್ಟರು. ಎರಡನೆಯ ತುತ್ತಿಗೆ ಅವರ ಹಣೆಯ ಬೆವರು ಆರತೊಡಗಿತ್ತು.

"ಉಪ್ಪು ಕಮ್ಮಿ."

ಉಪ್ಪು ಕೊಟ್ಟೆ.

"ಮಾವಿನಕಾಯಿ ಇನ್ನೂ ಸಣ್ಣಗ ಹೆಚ್ಚಬೇಕು."

"ಮುಂದಿನ ಸಲ ಹೆಚ್ಚುತ್ತೇನೆ."

"ಮುಂದಿನ ಸಲಕ್ಕ ಬೀಗರ ಶ್ಯಾವಿಗಿ ಮುಟ್ಟೂದಿಲ್ಲ ಅಂತ ಮಾತು ಕೊಡ್ರಿ."

"ಕೊಡಲ್ಲ."

ಅಕ್ಕ ನಿಟ್ಟುಸಿರು ಬಿಟ್ಟು ತಂಗಿಯ ಕಡೆ ತಿರುಗಿ, "ನಿನ್ನ ಗಂಡಗ ವಯಸ್ಸಾದ ಮ್ಯಾಲೆ ಹಟ ಬಂದೈತಿ ನೋಡು," ಎಂದರು. "ಬಂದಿದ್ದು ಒಳ್ಳೇದಾತು ಬಿಡು," ಎಂದಳು ನನ್ನಾಕೆ, ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿ. ಅಕ್ಕನ ತಟ್ಟೆಯೂ ಅದರ ಹಿಂದೆಯೇ ಬಂತು, ಬೇಕು ಎಂಬ ಮಾತು ಮಾತ್ರ ಬರಲಿಲ್ಲ.

ಸಂಜೆಯ ರೈಲಿಗೆ ಅಕ್ಕ ಒಬ್ಬರೇ ದಾವಣಗೆರೆಗೆ ಹೋದರು.